ತುಂಬಿದ ಹೊಳೆ, ಹೊತ್ತಿದ ದೀಪ

2013ರ ಸೆಪ್ಟೆಂಬರ್ 9, ಸೋಮವಾರ. ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ದಿನ. ಬೆಳಗಾಗುತ್ತಲೇ ಊರಿನ ಬೀದಿಗಳೆಲ್ಲ ಕಾರುಗಳಿಂದ ಕಟ್ಟಿಕೊಂಡವು. ಶಾಲಾ ಬಸ್ಸುಗಳು ತಡವಾದವು, ತುರ್ತು ವಾಹನಗಳು ಸಿಕ್ಕಿಕೊಂಡವು, ಹಡ್ಸನ್ ನದಿ ದಾಟಿ ಮ್ಯಾನ್‌ಹ್ಯಾಟನ್ನಿಗೆ ಕೆಲಸಕ್ಕೆ ಹೊರಟವರು ಊರು ದಾಟಲಾರದೆ ನಿಂತರು. ಜಾರ್ಜ್ ವಾಷಿಂಗ್ಟನ್ ಸೇತುವೆಯ ಪಶ್ಚಿಮದ ತುದಿ ಇರುವುದೇ ಇಲ್ಲಿ. ಹಾಗಾಗಿ ಈ ಊರಿನವರಿಗೆ ವಾಹನಗಳ ಸಾಲು ಹೊಸತಲ್ಲ. ಸಾಲು ಬೆಳೆಯಿತೆಂದರೆ ಸೇತುವೆಯ ಮೇಲೆ ಎಲ್ಲೋ ಅಪಘಾತ ಆಗಿರಬೇಕು, ಇಲ್ಲವೇ ದುರಸ್ತಿ ನಡೆದಿರಬೇಕು ಎಂದು ಲೆಕ್ಕ ಹಾಕುವುದೂ ಹೊಸತಲ್ಲ.

ಆ ವಾರ ಲೆಕ್ಕ ತಪ್ಪಿತು. ಊರಿನಿಂದ ಸೇತುವೆಯ ಮೇಲಂತಸ್ತಿಗೆ ಏರುವ ಮೂರು ಟೋಲ್ ಲೇನುಗಳಲ್ಲಿ ಎರಡನ್ನು ಬೇಕೆಂದೇ ಮುಚ್ಚಲಾಗಿತ್ತು. ‘ಸಂಚಾರ ಅಧ್ಯಯನ’ ಎಂಬ ಕಾರಣ ಕೊಡಲಾಯಿತು. ಶುಕ್ರವಾರ, ಸೇತುವೆಯನ್ನು ನೋಡಿಕೊಳ್ಳುವ ಪೋರ್ಟ್ ಅಥಾರಿಟಿಯ ಕಾರ್ಯನಿರ್ವಾಹಕ ನಿರ್ದೇಶಕ ಪ್ಯಾಟ್ರಿಕ್ ಫಾಯ್ ಲೇನುಗಳನ್ನು ತೆರೆಸಿದರು. 2014ರ ಜನವರಿಯಲ್ಲಿ ಅಧಿಕಾರಿಗಳ ಇಮೇಲುಗಳು ಬಯಲಾದಾಗ ಅಧ್ಯಯನ ಬರೀ ನೆಪವೆಂದು ಗೊತ್ತಾಯಿತು. ಗವರ್ನರ್ ಕ್ರಿಸ್ ಕ್ರಿಸ್ಟಿ ಅವರ ಮರುಆಯ್ಕೆಗೆ ಬೆಂಬಲ ಸೂಚಿಸದ ಊರಿನ ಮೇಯರ್ ಮಾರ್ಕ್ ಸೊಕೊಲಿಚ್ ಮೇಲಿನ ಸೇಡು ಇದು ಎಂದು ಸರ್ಕಾರಿ ವಕೀಲರು ನ್ಯಾಯಾಲಯದಲ್ಲಿ ವಾದಿಸಿದರು. ತಮಗೆ ಏನೂ ಗೊತ್ತಿರಲಿಲ್ಲ ಎಂದರು ಕ್ರಿಸ್ಟಿ. ಅವರ ಕಡೆಯ ಇಬ್ಬರಿಗೆ ಶಿಕ್ಷೆಯಾಯಿತು. 2020ರ ಮೇ 7ರಂದು ಸುಪ್ರೀಂ ಕೋರ್ಟು ಅದನ್ನು ಒಮ್ಮತದಿಂದ ರದ್ದು ಮಾಡಿತು. ಅಧಿಕಾರದ ದುರುಪಯೋಗ ಆಗಿದೆ, ಆದರೆ ವಂಚನೆಯ ಕಾನೂನು ಹೇಳುವ ಅಪರಾಧ ಇದಲ್ಲ ಎಂಬುದು ಕೋರ್ಟಿನ ನಿಲುವು.

ರಾಜಕೀಯ ಅತ್ತ ಇರಲಿ. ಸ್ಟೀರಿಂಗ್ ಹಿಡಿದು ಕೂತವನ ಕಡೆಯಿಂದ ನೋಡಿದರೆ ಆ ವಾರ ನಡೆದದ್ದು ತರ್ಕಶಾಸ್ತ್ರದ ಒಂದು ಹಳೆಯ ಪಾಠ. ಎದುರಿಗೆ ಕಾಣುವ ಗುರುತು ಒಂದು, ಕಾಣದಿರುವ ಕಾರಣ ಇನ್ನೊಂದು. ಎರಡರ ನಡುವಿನ ನಂಟನ್ನು ರೂಢಿಯ ಮೇಲೆ ನಂಬಬಹುದೇ?

ಗೌತಮನ ನ್ಯಾಯಸೂತ್ರ ಈ ಪ್ರಶ್ನೆಯನ್ನು ಎತ್ತಿಕೊಳ್ಳುವಾಗ ಮೂರು ಉದಾಹರಣೆ ಕೊಡುತ್ತದೆ. ಹೊಳೆ ತುಂಬಿ ಬಂತು, ಮೇಲೆ ಮಳೆಯಾಗಿದೆ. ಇರುವೆಗಳು ಮೊಟ್ಟೆ ಹೊತ್ತು ಹೊರಟವು, ಮಳೆ ಬರಲಿದೆ. ನವಿಲಿನ ಕೂಗು ಕೇಳಿತು, ನವಿಲಿದೆ. ಎದುರಾಳಿ ಮೂರನ್ನೂ ಹೊಡೆದು ಹಾಕುತ್ತಾನೆ. ಹೊಳೆಗೆ ಯಾರೋ ಅಡ್ಡಗಟ್ಟಿದರೂ ನೀರು ಏರುತ್ತದೆ. ಗೂಡು ಕೆದಕಿದರೂ ಇರುವೆ ಮೊಟ್ಟೆ ಹೊತ್ತು ಓಡುತ್ತದೆ. ನವಿಲಿನಂತೆ ಮನುಷ್ಯನೂ ಕೂಗಬಲ್ಲ. ಆದ್ದರಿಂದ ಅನುಮಾನ, ಅಂದರೆ ಕಂಡ ಗುರುತಿನಿಂದ ಕಾಣದ್ದನ್ನು ತಿಳಿಯುವುದು, ಪ್ರಮಾಣವೇ ಅಲ್ಲ, ನಂಬಬಹುದಾದ ಅರಿವಿನ ದಾರಿಯೇ ಅಲ್ಲ ಎಂಬುದು ಅವನ ವಾದ. ಫೋರ್ಟ್ ಲೀಯಲ್ಲಿ ಆ ವಾರ ಆದದ್ದು ಇದರಲ್ಲಿ ಮೊದಲನೆಯದು. ಹೊಳೆಯ ಜಾಗದಲ್ಲಿ ಕಾರುಗಳ ಸಾಲಿತ್ತು, ಅಡ್ಡಗಟ್ಟೆಯ ಜಾಗದಲ್ಲಿ ಮುಚ್ಚಿದ ಲೇನು.

ತುಂಗಭದ್ರೆಯ ದಂಡೆಯವರಿಗೂ ಇದು ಗೊತ್ತಿರುವ ಸಂಗತಿಯೇ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನಲ್ಲಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕೆಳಗಿನ ಹಳ್ಳಿಗಳಲ್ಲಿ ಏರಿದ ನೀರು ಆ ರಾತ್ರಿಯ ಮಳೆಯ ಸುದ್ದಿಯನ್ನಲ್ಲ, ತುಂಡಾದ ಕೊಂಡಿಯ ಸುದ್ದಿಯನ್ನು ಹೊತ್ತು ತಂದಿತ್ತು.

ಎದುರಾಳಿಗೆ ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉತ್ತರ ಸೊಗಸಾದದ್ದು. ಮಳೆಯನ್ನು ತಿಳಿಸುವುದು ಬರೀ ಏರಿದ ನೀರಲ್ಲ, ಹರಿವಿನ ರಭಸ, ಮೇಲೆ ತೇಲುವ ನೊರೆ, ಹಣ್ಣು, ಎಲೆ, ಮರದ ತುಂಡು ಇವೆಲ್ಲ ಕೂಡಿದ ಹೊಳೆ ಎನ್ನುತ್ತಾನೆ ಅವನು. ಅಡ್ಡಗಟ್ಟಿದ ನೀರಿಗೆ ಈ ಲಕ್ಷಣಗಳಿರುವುದಿಲ್ಲ. ವಿಶೇಷವಾದ ಗುರುತಿನಿಂದ ತಿಳಿಯಬೇಕಾದದ್ದನ್ನು ಸಾಮಾನ್ಯ ಗುರುತಿನಿಂದ ತಿಳಿಯಹೊರಟವನದು ತಪ್ಪು. ಅದನ್ನು ಅನುಮಾನದ ತಲೆಗೆ ಕಟ್ಟಬಾರದು.

ಫೋರ್ಟ್ ಲೀಯ ಅಪಾರ್ಟ್‌ಮೆಂಟುಗಳ ಪಾರ್ಕಿಂಗ್‌ನಲ್ಲಿ ಇಂದು ಈ ವಾದ ಇನ್ನೊಂದು ರೂಪದಲ್ಲಿ ನಡೆಯುತ್ತದೆ. ಕಾರು ಚಾಲು ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡು ಆರದೆ ಉಳಿಯುತ್ತದೆ. ಗ್ಯಾರೇಜಿಗೆ ಹೋದರೆ ನೋಡುವುದಕ್ಕೇ ನೂರು ಡಾಲರು ಬಿಲ್ಲಾಗಬಹುದು ಎಂಬ ಅಂಜಿಕೆಯಿಂದ ಮನೆಯವರು ಇಪ್ಪತ್ತು ಮೂವತ್ತು ಡಾಲರಿನ ಸ್ಕ್ಯಾನರ್ ತರಿಸಿಕೊಳ್ಳುತ್ತಾರೆ. 1996ರ ಮಾದರಿಯಿಂದ ಈಚೆಗೆ ಅಮೆರಿಕದಲ್ಲಿ ಮಾರಾಟವಾದ ಎಲ್ಲ ಪೆಟ್ರೋಲ್ ಕಾರುಗಳಲ್ಲೂ ಸ್ಟೀರಿಂಗಿನ ಕೆಳಗೆ ಹದಿನಾರು ಪಿನ್ನುಗಳ ಒಂದು ಕಿಂಡಿ ಇರಲೇಬೇಕು. 1990ರ ಶುದ್ಧ ಗಾಳಿ ಕಾಯ್ದೆಯ ತಿದ್ದುಪಡಿಯಿಂದ ಬಂದ ಕಡ್ಡಾಯ ಇದು. ಕಿಂಡಿಗೆ ಸ್ಕ್ಯಾನರ್ ಸಿಕ್ಕಿಸಿ ಕೀಲಿ ತಿರುಗಿಸಿದರೆ ಪರದೆಯ ಮೇಲೆ ಒಂದು ಅಕ್ಷರ, ನಾಲ್ಕು ಅಂಕಿ ಮೂಡುತ್ತವೆ. ಪಿ ಎಂದರೆ ಎಂಜಿನ್ ಮತ್ತು ಗೇರು, ಸಿ ಎಂದರೆ ಬ್ರೇಕು ಮುಂತಾದ ತಳಭಾಗ, ಬಿ ಎಂದರೆ ಒಡಲು, ಯು ಎಂದರೆ ಕಂಪ್ಯೂಟರುಗಳ ನಡುವಿನ ಸಂಪರ್ಕ.

ಪಿ 0420 ಬಂತೆಂದು ಇಟ್ಟುಕೊಳ್ಳೋಣ. ಕ್ಯಾಟಲಿಟಿಕ್ ಕನ್ವರ್ಟರಿನ ಕ್ಷಮತೆ ಮಿತಿಗಿಂತ ಕೆಳಗಿಳಿದಿದೆ ಎಂಬುದು ಅದರ ಅರ್ಥ. ‘ಕನ್ವರ್ಟರ್ ಸತ್ತಿದೆ’ ಎಂದು ಓದಿಕೊಂಡವರು ಹೊಸದಕ್ಕೆ ಸಾವಿರ ಡಾಲರಿಗೂ ಹೆಚ್ಚು ಸುರಿಯುತ್ತಾರೆ. ಕೆಲವು ವಾರ ಬಿಟ್ಟು ಅದೇ ದೀಪ ಮತ್ತೆ ಹೊತ್ತಿಕೊಳ್ಳುವುದೂ ಉಂಟು.

ಕಂಪ್ಯೂಟರು ಕನ್ವರ್ಟರನ್ನು ಎಂದೂ ಕಂಡಿಲ್ಲ. ಅದಕ್ಕೆ ಕಾಣುವುದು ಕನ್ವರ್ಟರಿನ ಮುಂದೊಂದು ಹಿಂದೊಂದು ಇರುವ ಆಮ್ಲಜನಕದ ಸೆನ್ಸರುಗಳ ವಿದ್ಯುತ್ ಏರಿಳಿತ ಮಾತ್ರ. ಒಳ್ಳೆಯ ಕನ್ವರ್ಟರು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬಿಡುವುದರಿಂದ ಹಿಂದಿನ ಸೆನ್ಸರು ಹೆಚ್ಚುಕಡಿಮೆ ಒಂದೇ ಮಟ್ಟ ತೋರಿಸುತ್ತದೆ. ಅದೂ ಮುಂದಿನದರಂತೆಯೇ ಕುಣಿಯತೊಡಗಿದರೆ ಕಂಪ್ಯೂಟರು ಪಿ 0420 ಎಂದು ಬರೆದಿಡುತ್ತದೆ. ಅಂದರೆ ಕೋಡೇ ಒಂದು ಅನುಮಾನದ ಕೊನೆಯ ಮಾತು. ಅದನ್ನು ಓದಿ ಕನ್ವರ್ಟರ್ ತರಿಸುವವರು ಯಂತ್ರದ ಅನುಮಾನದ ಮೇಲೆ ತಮ್ಮದೊಂದನ್ನು ಹೇರುತ್ತಾರೆ. ಹೊಗೆಕೊಳವೆ ಸೀಳಿದ್ದರೂ, ಹಿಂದಿನ ಸೆನ್ಸರ್ ಮುದಿಯಾಗಿದ್ದರೂ, ಎಂಜಿನ್ ಎಣ್ಣೆ ಕುಡಿಯುತ್ತಿದ್ದರೂ ಈ ಕೋಡು ಬರಬಹುದು. ಕನ್ವರ್ಟರ್ ಸತ್ತಲ್ಲಿ ಈ ಕೋಡು ಬರುತ್ತದೆ ಎಂಬುದನ್ನು ತಿರುಗಿಸಿ, ಈ ಕೋಡು ಬಂದಲ್ಲೆಲ್ಲ ಕನ್ವರ್ಟರ್ ಸತ್ತಿದೆ ಎನ್ನುವಂತಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕಾದರೆ ಸೌದೆ ಹಸಿಯಾಗಿರಬೇಕು. ಆ ಹಸಿಸೌದೆಯನ್ನು ನ್ಯಾಯಸೂತ್ರದ ಹಾದಿಯ ನೈಯಾಯಿಕರು ಉಪಾಧಿ ಎಂದು ಕರೆದರು. ಇದಿದ್ದಲ್ಲೆಲ್ಲ ಅದಿದೆ ಎಂಬ ನಂಟನ್ನು, ಅಂದರೆ ವ್ಯಾಪ್ತಿಯನ್ನು, ಗೊತ್ತಿಲ್ಲದಂತೆ ಕೆಡಿಸುವುದು ಅದೇ.

ವಾತ್ಸ್ಯಾಯನನ ನೊರೆ, ಎಲೆಗಳು ಇಲ್ಲಿಯೂ ಇವೆ. ದೋಷ ಕಂಡ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ವೇಗವಿತ್ತು, ಎಷ್ಟು ಭಾರ ಎಳೆಯುತ್ತಿತ್ತು ಎಂಬುದನ್ನು ಕಂಪ್ಯೂಟರು ಕೋಡಿನ ಜೊತೆಗೇ ಬರೆದಿಟ್ಟಿರುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಎಂದು ಹೆಸರು. ಪಿ 0171, ಅಂದರೆ ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾಗಿದೆ ಎಂಬ ಕೋಡನ್ನು ಅನುಭವಿ ಮೆಕ್ಯಾನಿಕ್ ಒಂಟಿಯಾಗಿ ಓದುವುದೇ ಇಲ್ಲ. ಕಾರು ನಿಂತಲ್ಲೇ ಗುನುಗುತ್ತಿರುವಾಗ ಕಂಪ್ಯೂಟರು ಹೆಚ್ಚುವರಿ ಇಂಧನ ಸುರಿಯುತ್ತಿದ್ದು, ಎಂಜಿನ್ ವೇಗ ಏರಿಸಿದಾಗ ಅದು ತಗ್ಗಿದರೆ ಎಲ್ಲೋ ರಬ್ಬರ್ ಪೈಪು ಬಿರಿದು ಗಾಳಿ ಒಳಗೆ ಎಳೆಯುತ್ತಿದೆ ಎಂದು ಶಂಕಿಸುತ್ತಾರೆ. ವೇಗ ಏರಿದಂತೆ ಕೊರತೆಯೂ ಏರಿದರೆ ಇಂಧನದ ಪಂಪಿನ ಕಡೆಗೋ ಗಾಳಿ ಅಳೆಯುವ ಸೆನ್ಸರಿನ ಕಡೆಗೋ ತಿರುಗುತ್ತಾರೆ. ಒಂದೇ ಕೋಡು, ಎರಡು ಕಾರಣ. ಬೇರೆಮಾಡುವುದು ಜೊತೆಗಿರುವ ಗುರುತುಗಳು.

ಇನ್ನೂ ಚೊಕ್ಕವಾದ ಪರೀಕ್ಷೆ ಪಿ 0301ರದು. ಒಂದನೇ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎನ್ನುತ್ತದೆ ಅದು. ಒಂದನೆಯ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು ಎರಡನೆಯದಕ್ಕೂ, ಎರಡನೆಯದನ್ನು ಒಂದನೆಯದಕ್ಕೂ ಹಾಕಿ ಕಾರು ಓಡಿಸಬೇಕು. ಕೋಡು ಪಿ 0302 ಆಯಿತೆಂದರೆ ದೋಷ ಕಾಯಿಲಿನ ಜೊತೆ ನಡೆದು ಹೋಗಿದೆ. ಪಿ 0301ರಲ್ಲೇ ನಿಂತಿತೆಂದರೆ ಕಾಯಿಲು ನಿರ್ದೋಷಿ; ಸ್ಪಾರ್ಕ್ ಪ್ಲಗ್ಗನ್ನೋ ಇಂಜೆಕ್ಟರನ್ನೋ ನೋಡಬೇಕು. ಇದ್ದಲ್ಲಿ ಇದೆ, ಇಲ್ಲದಲ್ಲಿ ಇಲ್ಲ ಎಂಬ ಅನ್ವಯ ವ್ಯತಿರೇಕವನ್ನು ಪಾನಾ ಹಿಡಿದು ಮಾಡಿದರೆ ಹೀಗಿರುತ್ತದೆ. ಹಳದಿ ದೀಪ ಮಿನುಗುತ್ತಿದ್ದರೆ ಮಾತ್ರ ಇಂಥ ಪರೀಕ್ಷೆಗೆ ಇಳಿಯಬಾರದು. ಹೊತ್ತಿಕೊಳ್ಳದೆ ಉಳಿದ ಹಸಿ ಇಂಧನ ಕನ್ವರ್ಟರಿನಲ್ಲಿ ಉರಿದು ಅದನ್ನೇ ಸುಟ್ಟುಹಾಕುವ ಹಂತ ಅದು; ಕಾರನ್ನು ಬದಿಗೆ ನಿಲ್ಲಿಸಬೇಕು.

ಇಲ್ಲಿಯವರೆಗಿನ ಮಾತು ಕೋಡನ್ನು ಗುರುತು ಎಂದು ಒಪ್ಪಿಕೊಂಡು ಆಡಿದ್ದು. ಬಹಳ ಮಂದಿ ಅದನ್ನು ಹಾಗೆ ಓದುವುದಿಲ್ಲ. ‘ಕಾರೇ ಹೇಳಿದೆ’ ಎನ್ನುತ್ತಾರೆ. ಹಾಗೆಂದ ಕೂಡಲೇ ಪ್ರಶ್ನೆ ಅನುಮಾನದಿಂದ ಶಬ್ದಪ್ರಮಾಣಕ್ಕೆ ಜಿಗಿಯುತ್ತದೆ. ಯಾರ ಮಾತನ್ನು ನಂಬಬೇಕು, ಯಾಕೆ ನಂಬಬೇಕು?

ನಂಬಲರ್ಹನಾದವನು, ಅಂದರೆ ಆಪ್ತ, ವಿಷಯವನ್ನು ತಾನೇ ಕಂಡು ತಿಳಿದಿರಬೇಕು, ಕಂಡದ್ದನ್ನು ಕಂಡಂತೆ ತಿಳಿಸುವ ಮನಸ್ಸಿರಬೇಕು ಎನ್ನುತ್ತಾನೆ ವಾತ್ಸ್ಯಾಯನ. ಅಂಥವನು ಋಷಿಯಾಗಿರಲಿ, ಆರ್ಯನಾಗಿರಲಿ, ಮ್ಲೇಚ್ಛನಾಗಿರಲಿ, ಲಕ್ಷಣ ಒಂದೇ. ಈ ಅಳತೆಯಲ್ಲಿ ಫೋರ್ಟ್ ಲೀಯ ಒಬ್ಬ ಕೊರಿಯನ್ ಮೆಕ್ಯಾನಿಕ್ ಆಪ್ತನಾಗಬಹುದು, ಕಾರಿನ ಕಂಪ್ಯೂಟರು ಆಗಲಾರದು. ಅದು ಕಂಡಿದ್ದು ವೋಲ್ಟೇಜ್. ತಿಳಿಸಬೇಕೆಂಬ ಮನಸ್ಸು ಅದಕ್ಕಿಲ್ಲ.

ಮನಸ್ಸಿಲ್ಲದ್ದಕ್ಕೆ ಸುಳ್ಳೂ ಇಲ್ಲವಲ್ಲ, ಹಾಗಾದರೆ ಅದರ ಮಾತನ್ನು ಇನ್ನಷ್ಟು ನಂಬಬಹುದಲ್ಲ ಎಂದು ಯಾರಾದರೂ ಕೇಳಿಯಾರು. ವೇದ ಅಪೌರುಷೇಯ ಎನ್ನುವ ಮೀಮಾಂಸಕರದೂ ಮಾಧ್ವರದೂ ವಾದದ ಎಳೆ ಹೀಗೆಯೇ ಸಾಗುತ್ತದೆ. ಮಾತಿನ ದೋಷಗಳೆಲ್ಲ ಆಡಿದವನಿಂದ ಬರುತ್ತವೆ. ಆಡಿದವನೇ ಇಲ್ಲದ ಮಾತಿಗೆ ದೋಷ ಎಲ್ಲಿಂದ ಬರಬೇಕು? ಆದರೆ ಕೋಡಿಗೆ ಈ ರಕ್ಷೆ ಸಿಗುವುದಿಲ್ಲ. ಹೊಗೆ ಕಾನೂನಿನ ಮಿತಿಯ ಸುಮಾರು ಒಂದೂವರೆ ಪಟ್ಟು ದಾಟುವಷ್ಟು ಕೆಟ್ಟಾಗ ದೀಪ ಹೊತ್ತಬೇಕೆಂದು ಗೆರೆ ಎಳೆದವರು ಅಧಿಕಾರಿಗಳು. ಆ ಗೆರೆಯನ್ನು ಸೆನ್ಸರಿನ ಅಂಕಿಗಳಿಗೆ ಇಳಿಸಿದವರು ಎಂಜಿನಿಯರುಗಳು. ಅದು ಅಪ್ಪಟ ಪೌರುಷೇಯ.

ಪೌರುಷೇಯವಾದದ್ದು ಎಷ್ಟರಮಟ್ಟಿಗೆ ಕೆಡಬಲ್ಲದು ಎಂಬುದನ್ನು 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಯಲಿಗಿಟ್ಟಿತು. ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಸಾಫ್ಟ್‌ವೇರು ತಾನು ಪರೀಕ್ಷೆಯಲ್ಲಿದ್ದೇನೆಂದು ಗುರುತಿಸಿ ಅಲ್ಲಿ ಮಾತ್ರ ಶುದ್ಧವಾಗಿ ನಡೆದುಕೊಳ್ಳುತ್ತಿತ್ತು, ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡುಗಳನ್ನು ಮಿತಿಮೀರಿ ಉಗುಳುತ್ತಿತ್ತು. ಜಗತ್ತಿನಾದ್ಯಂತ ಇಂಥ ಸುಮಾರು 1.1 ಕೋಟಿ ಕಾರುಗಳಿವೆ ಎಂದು ಕಂಪನಿಯೇ ಒಪ್ಪಿತು. ನವಿಲಿನಂತೆ ಕೂಗಿದ ಮನುಷ್ಯ ಅಲ್ಲಿದ್ದ. ಅವನನ್ನು ಹಿಡಿದದ್ದು ಕಾರಿನ ಸ್ವಂತ ದೀಪವಲ್ಲ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಳೆಯುವ ಉಪಕರಣವನ್ನು ಕಾರಿನಲ್ಲೇ ಹೊತ್ತು ನಿಜವಾದ ರಸ್ತೆಯಲ್ಲಿ ಓಡಿಸಿ ನೋಡಿದ್ದರು.

ದೀಪ ಹೊತ್ತಿದಾಗ ಏನು ನಂಬಬೇಕು ಎಂಬುದಕ್ಕಿಂತ ದೀಪ ಆರಿದಾಗ ಏನು ನಂಬಬೇಕು ಎಂಬುದು ಕಷ್ಟದ ಪ್ರಶ್ನೆ. ಸ್ಕ್ಯಾನರಿನಲ್ಲಿ ‘ಅಳಿಸು’ ಒತ್ತಿದರೆ ಕ್ಷಣದಲ್ಲಿ ಕೋಡುಗಳೆಲ್ಲ ಮಾಯ. ಈಗ ಕೋಡಿಲ್ಲ, ಆದ್ದರಿಂದ ದೋಷವಿಲ್ಲ ಎನ್ನಬಹುದೇ? ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದನ್ನು ಭಾಟ್ಟ ಮೀಮಾಂಸಕರು ಅನುಪಲಬ್ಧಿ ಎಂಬ ಬೇರೆ ಪ್ರಮಾಣವೆಂದೇ ಎಣಿಸಿದರು. ಜೊತೆಗೆ ಒಂದು ಷರತ್ತು ಹಾಕಿದರು: ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಸ್ಥಿತಿ ಇರಬೇಕು. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನೂ ಹೇಳುವಂತಿಲ್ಲ.

ನ್ಯೂಜೆರ್ಸಿಯ ವಾಹನ ತಪಾಸಣೆ ಈ ಷರತ್ತಿನ ಮೇಲೆಯೇ ನಿಂತಿದೆ. ಹೊಸ ಕಾರಿಗೆ ಐದು ವರ್ಷ ಬಿಡುವು, ಆಮೇಲೆ ಎರಡು ವರ್ಷಕ್ಕೊಮ್ಮೆ ಸ್ಟೇಷನ್ನಿಗೆ ಹೋಗಬೇಕು. ಅಲ್ಲಿ ಅದೇ ಹದಿನಾರು ಪಿನ್ನಿನ ಕಿಂಡಿಗೆ ತಂತಿ ಸಿಕ್ಕಿಸಿ ನೋಡುತ್ತಾರೆ. ಕೋಡು ಇಲ್ಲದಿದ್ದರಷ್ಟೇ ಸಾಲದು. ಕಾರು ತನ್ನನ್ನು ತಾನು ಪರೀಕ್ಷಿಸಿಕೊಂಡು ಮುಗಿಸಿದೆಯೇ ಎಂದೂ ಕೇಳುತ್ತಾರೆ. ಕೋಡು ಅಳಿಸಿದ ಕೂಡಲೇ ಆ ಸ್ವಪರೀಕ್ಷೆಗಳೆಲ್ಲ ಮೊದಲಿಂದ ಶುರುವಾಗಬೇಕು. ಕನ್ವರ್ಟರಿನದು, ಇಂಧನದ ಆವಿಯದು ಹೀಗೆ ಒಂದೊಂದಕ್ಕೂ ತಣ್ಣಗಿನ ಚಾಲನೆ, ಹೆದ್ದಾರಿಯ ಓಟ, ನಿಲುಗಡೆ ಎಂದು ಬೇರೆ ಬೇರೆ ಬೇಡಿಕೆಗಳಿವೆ. ಫೋರ್ಟ್ ಲೀಯ ಗಲ್ಲಿಯಲ್ಲಿ ಅಂಗಡಿಗೂ ಮನೆಗೂ ಓಡಾಡುವ ಕಾರಿನಲ್ಲಿ ಇವು ಎಷ್ಟು ದಿನವಾದರೂ ಮುಗಿಯದಿರಬಹುದು. ಆವಿಯ ಪರೀಕ್ಷೆಯಂತೂ ಟ್ಯಾಂಕು ತೀರಾ ತುಂಬಿದ್ದರೂ ತೀರಾ ಖಾಲಿಯಿದ್ದರೂ ನಡೆಯದು. ಮುಗಿಯದ ಪರೀಕ್ಷೆಗಳು ಹೆಚ್ಚಿದ್ದರೆ ಕಾರನ್ನು ವಾಪಸ್ ಕಳಿಸುತ್ತಾರೆ. ಕೋಣೆಯಲ್ಲಿ ಇನ್ನೂ ಬೆಳಕು ಬಂದಿಲ್ಲ ಎಂಬುದು ಅವರ ತೀರ್ಮಾನ.

ಇದೇ ನ್ಯೂಜೆರ್ಸಿಯ ದೇವಾಲಯಗಳ ಅಂಗಳದಲ್ಲಿ ಕಾರಿಗೆ ಇನ್ನೊಂದು ಬಗೆಯ ಉಪಚಾರ ನಡೆಯುತ್ತದೆ. ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ, ಮಹಾನವಮಿಗೆ ಆಯುಧಪೂಜೆ. ಎಡಿಸನ್ನಿನಲ್ಲಿ ಉಡುಪಿಯ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನವಿದೆ. ಕರಾವಳಿಯಿಂದ ಬಂದ ಕನ್ನಡ ಮನೆಗಳಿಗೆ ಅದು ತವರಿನ ಗುಡಿಯಂತೆ. ಪೂಜೆ ಮಾಡಿಸಿದವರೇ ಸ್ಕ್ಯಾನರನ್ನೂ ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದನ್ನು ಕಂಡು ನಗುವವರುಂಟು. ಆ ಮಠ ಅನುಸರಿಸುವ ಮಧ್ವಾಚಾರ್ಯರ ಮತವನ್ನು ಬಲ್ಲವರು ನಗಲಾರರು. ಪ್ರತ್ಯಕ್ಷ, ಅನುಮಾನ, ಆಗಮ ಎಂದು ಅವರು ಒಪ್ಪಿದ ಪ್ರಮಾಣಗಳು ಮೂರು. ಆಗಮಕ್ಕೆ, ಅಂದರೆ ಶಾಸ್ತ್ರದ ಮಾತಿಗೆ, ಮೀಸಲಾದದ್ದು ಇಂದ್ರಿಯಕ್ಕೆ ಎಟುಕದ ಲೋಕ. ತಾನು ಯಾವುದರ ಮೇಲೆ ನಿಂತಿದೆಯೋ ಆ ಪ್ರತ್ಯಕ್ಷವನ್ನು ಶ್ರುತಿಯೂ ಅಲ್ಲಗಳೆಯುವಂತಿಲ್ಲ ಎಂಬುದು ಅವರ ಬಿಗಿಪಟ್ಟು. ಜಗತ್ತು ಸತ್ಯ, ಜಡಕ್ಕೂ ಜಡಕ್ಕೂ ಇರುವ ಭೇದವೂ ಸತ್ಯ. ಒಂದನೇ ಕಾಯಿಲಿಗೂ ಎರಡನೇ ಕಾಯಿಲಿಗೂ ಇರುವ ಭೇದ ಸತ್ಯವಾಗಿದ್ದರಿಂದಲೇ ಅದಲುಬದಲು ಪರೀಕ್ಷೆ ಫಲ ಕೊಡುತ್ತದೆ. ಪ್ರಾರ್ಥನೆ ಕಾಪಾಡು ಎಂದು ಕೇಳುತ್ತದೆ, ಸ್ಕ್ಯಾನರ್ ಏನಾಗಿದೆ ಎಂದು ಕೇಳುತ್ತದೆ. ಇವೆರಡರ ನಡುವೆ ಜಗಳವಿಲ್ಲ.

ಜಗಳವಿರುವುದು ಇನ್ನೊಂದು ಕಡೆ. ಮಧ್ವರ ಪರಂಪರೆಯವರಾದ ವಿಜಯನಗರದ ವ್ಯಾಸತೀರ್ಥರು (1460–1539) ‘ತರ್ಕತಾಂಡವ’ ಬರೆದದ್ದು ನೈಯಾಯಿಕರನ್ನು ಅವರದೇ ಅಖಾಡದಲ್ಲಿ ಎದುರಿಸಲು. ಜ್ಞಾನ ನಿಜವೆಂದು ಗೊತ್ತಾಗುವುದು ಹೇಗೆ ಎಂಬುದು ಅಲ್ಲಿನ ದೊಡ್ಡ ವ್ಯಾಜ್ಯಗಳಲ್ಲಿ ಒಂದು. ನೈಯಾಯಿಕರ ಪ್ರಕಾರ ಹೊರಗಿನಿಂದ: ನೀರೆಂದು ತಿಳಿದು ಹೋದವನ ಬಾಯಾರಿಕೆ ತೀರಿದರೆ ಆ ಜ್ಞಾನ ಸರಿ. ಕಾಯಿಲು ಬದಲಿಸಿ ಓಡಿಸಿದಾಗ ದೀಪ ಮತ್ತೆ ಬರದಿದ್ದರೆ ರೋಗ ಹಿಡಿದದ್ದು ಸರಿ. ವ್ಯಾಸತೀರ್ಥರ ಪರಂಪರೆ ಇದನ್ನು ಒಪ್ಪುವುದಿಲ್ಲ. ಬಾಯಾರಿಕೆ ತೀರಿತೆಂಬ ಜ್ಞಾನ ನಿಜವೆಂದು ಯಾವುದರಿಂದ ತಿಳಿಯುವುದು? ಅದಕ್ಕೊಂದು ಪರೀಕ್ಷೆ, ಆ ಪರೀಕ್ಷೆಗೊಂದು ಪರೀಕ್ಷೆ ಎಂದು ಹೊರಟರೆ ಕೊನೆಯೇ ಇಲ್ಲ. ಆದ್ದರಿಂದ ಜ್ಞಾನದ ನಿಜವನ್ನು ಒಳಗಿನ ಸಾಕ್ಷಿಯೇ ಹಿಡಿಯುತ್ತದೆ; ಸಂಶಯ ಹುಟ್ಟಿದಾಗ ಪರೀಕ್ಷೆ ಬೇಕು ನಿಜ, ಆದರೆ ಅದು ಅಡ್ಡ ನಿಂತ ಸಂಶಯವನ್ನು ಸರಿಸುತ್ತದೆ ಅಷ್ಟೇ.

ಕಾರಿನ ನಿಯಮ ಬರೆದವರು ಯಾವ ಪಕ್ಷವನ್ನೂ ಓದಿರಲಿಕ್ಕಿಲ್ಲ. ಆದರೂ ಅವರು ಎರಡನ್ನೂ ಬೆರೆಸಿದ್ದಾರೆ. ಹೆಚ್ಚಿನ ದೋಷಗಳಿಗೆ ಒಂದೇ ಓಟದಲ್ಲಿ ದೀಪ ಹೊತ್ತುವುದಿಲ್ಲ. ಎರಡು ಓಟಗಳಲ್ಲಿ ಸಾಲಾಗಿ ಕಾಣಬೇಕು. ಸಾಲಾಗಿ ಮೂರು ಓಟಗಳಲ್ಲಿ ಕಾಣದಿದ್ದರೆ ದೀಪ ತಾನಾಗಿ ಆರುತ್ತದೆ. ಅದಾದ ಮೇಲೂ ನಲವತ್ತು ಬಾರಿ ಎಂಜಿನ್ ತಣ್ಣಗಿನಿಂದ ಬಿಸಿಯಾಗುವವರೆಗೆ ಕೋಡು ನೆನಪಿನಲ್ಲಿ ಉಳಿಯುತ್ತದೆ. 2010ರ ಮಾದರಿಯಿಂದ ಹಂತಹಂತವಾಗಿ ಇನ್ನೊಂದು ಬಗೆಯ ಕೋಡು ಸೇರಿದೆ. ಅದರ ಹೆಸರು ಪರ್ಮನೆಂಟ್ ಕೋಡ್. ಸ್ಕ್ಯಾನರಿನಿಂದ ಅದನ್ನು ಅಳಿಸಲಾಗದು, ಬ್ಯಾಟರಿ ಕಳಚಿದರೂ ಹೋಗದು. ಕಾರು ತನ್ನದೇ ಪರೀಕ್ಷೆ ನಡೆಸಿ ದೋಷವಿಲ್ಲವೆಂದು ಕಂಡುಕೊಂಡಾಗ ಮಾತ್ರ ಹೋಗುತ್ತದೆ. ಅಳಿಸುವ ಗುಂಡಿಯನ್ನು ಮನುಷ್ಯನ ಕೈಯಿಂದ ಕಿತ್ತುಕೊಂಡದ್ದು ನೈಯಾಯಿಕರಿಗೆ ಹಿಡಿಸುವ ನಡೆ. ಮೂರು ಓಟ ಸಾಕು, ನಾಲ್ಕನೆಯದು ಬೇಡ ಎಂದು ನಿಲ್ಲಿಸಿದ್ದಕ್ಕೆ ಕಾರಣ ಕೇಳಿದರೆ ಮಾತ್ರ ಪೇಚು. ಮೂರನೆಯ ಓಟದಲ್ಲಿ ನಿಜ ಸಾಬೀತಾಯಿತು ಎನ್ನಬೇಕೋ, ಸಂಶಯಪಡಲು ಕಾರಣ ಉಳಿಯಲಿಲ್ಲ ಎನ್ನಬೇಕೋ ಎಂದು ವ್ಯಾಸತೀರ್ಥರು ಕೇಳುತ್ತಿದ್ದರು. ನೈಯಾಯಿಕರ ಬಳಿ ಅದಕ್ಕೊಂದು ಮರುಪ್ರಶ್ನೆ ಇರುತ್ತಿತ್ತು: ಒಳಗಿನ ಸಾಕ್ಷಿ ಅಷ್ಟು ಚುರುಕಾಗಿದ್ದರೆ ಮೊದಲ ಎರಡು ಓಟ ಯಾಕೆ ಬೇಕಾದವು?